ಕರ್ನಲ್ ಹೊಸದಾಯಿತು, ಡ್ರೈವರ್ ಕೈಕೊಟ್ಟಿತು: ಈಗೇನು ಮಾಡಬೇಕು?

ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಕಾಣಿಸುತ್ತಿಲ್ಲ ಎಂದು ಇಡೀ ಸಿಸ್ಟಮ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿದಿದೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಕರ್ನಲ್ ಜೊತೆಗೇ ಬರುವ ಡ್ರೈವರ್‌ಗಳು (ವೈಫೈಯಂಥ ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಆಗಲೇ ತಿದ್ದುಪಡಿಯಾಗುತ್ತವೆ. ಹೊರಗಿನಿಂದ ತಂದು ಹಾಕಿದ ಡ್ರೈವರ್ ಪ್ಯಾಕೇಜ್ ಮಾತ್ರ ಹಿಂದೆ ಬೀಳುತ್ತದೆ.

1. ರೀಬೂಟ್ ಮಾಡಿ, ಸಿಸ್ಟಮ್ ಶುರುವಾಗುವಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿಕೊಳ್ಳಿ. ಸಮಸ್ಯೆ ಬಗೆಹರಿಯುವ ತನಕ ಹಳೆಯ ಪ್ಯಾಕೇಜ್‌ಗಳನ್ನು ಗುಡಿಸಿ ಹಾಕುವ ‘ಆಟೊರಿಮೂವ್’ ತಂಟೆಗೆ ಹೋಗಲೇಬೇಡಿ.

2. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಡ್ರೈವರನ್ನು ಬಿಲ್ಡ್ ಮಾಡಲು, ಅಂದರೆ ಮೂಲ ಕೋಡ್‌ನಿಂದ ಕಟ್ಟಲು, ಬೇಕಾದ ಫೈಲ್‌ಗಳು) ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿ, ಡ್ರೈವರನ್ನು ಮತ್ತೆ ಬಿಲ್ಡ್ ಮಾಡಿ.

3. ಆಗಲೂ ಬಿಲ್ಡ್ ಆಗದಿದ್ದರೆ ಲಾಗ್ ಓದಿ. ಎಲ್ಲರೂ ಎಡವುವುದು ಇಲ್ಲಿಯೇ. ಹೊರಗಿನ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೆ ಮತ್ತೆ ಬಿಲ್ಡ್ ಮಾಡುವ ಡಿಕೆಎಂಎಸ್ ಪರದೆಯಲ್ಲಿ ತೋರಿಸುವ ‘ಬ್ಯಾಡ್ ರಿಟರ್ನ್ ಸ್ಟೇಟಸ್’ ಎಂಬ ಸಾಲಿನಿಂದ ಏನೂ ತಿಳಿಯದು. ಅದರ ಕೆಳಗೇ ‘ಮೇಕ್ ಲಾಗ್’ ಫೈಲ್ ಎಲ್ಲಿದೆ ಎಂದು ಬರೆದಿರುತ್ತದೆ, ಅದನ್ನು ತೆರೆಯಿರಿ. ಕೊನೆಯ ಸಾಲುಗಳು ಬರೀ ಗದ್ದಲ. ಮೇಲಿನಿಂದ ಇಳಿಯುತ್ತ, ‘ಎರರ್’ ಎಂದಿರುವ ಮೊಟ್ಟಮೊದಲ ಸಾಲಿನಲ್ಲಿ ನಿಲ್ಲಿ.

‘ಇಂಪ್ಲಿಸಿಟ್ ಡಿಕ್ಲರೇಷನ್’ ಎಂದಿದ್ದರೆ ಡ್ರೈವರ್ ಕರೆಯುತ್ತಿರುವ ಫಂಕ್ಷನ್ ಬಹುಪಾಲು ಈಗ ಇಲ್ಲ: ಕರ್ನಲ್ 6.8ರಲ್ಲಿ ‘ಎಸ್‌ಟಿಆರ್‌ಎಲ್‌ಸಿಪಿವೈ’ ಹೋದಂತೆ. ‘ಟೂ ಮೆನಿ ಆರ್ಗ್ಯುಮೆಂಟ್ಸ್’ ಎಂದಿದ್ದರೆ ಫಂಕ್ಷನ್ ಇದೆ, ಅದಕ್ಕೆ ಕೊಡಬೇಕಾದುದು ಕಡಿಮೆಯಾಗಿದೆ: 6.4ರಿಂದ ‘ಕ್ಲಾಸ್ ಕ್ರಿಯೇಟ್’ಗೆ ಹೆಸರೊಂದೇ ಸಾಕು. ಹೆಡರ್ ಫೈಲೇ ಸಿಗದಿದ್ದರೆ ಅದು ಜಾಗ ಬದಲಿಸಿರಬಹುದು, 6.12ರಲ್ಲಿ ‘ಅನ್‌ಅಲೈನ್ಡ್’ ಹೆಡರ್ ‘ಎಎಸ್‌ಎಂ’ನಿಂದ ‘ಲಿನಕ್ಸ್’ ಫೋಲ್ಡರಿಗೆ ಬಂದಿತು.

4. ಆ ಸಾಲನ್ನು ಹಿಡಿದು ಡ್ರೈವರ್‌ನ ಹೊಸ ಆವೃತ್ತಿ ಅಥವಾ ಪ್ಯಾಚ್ (ತಿದ್ದುಪಡಿ ಕೋಡ್) ಹುಡುಕಿ. ನೀವೇ ತಿದ್ದುವುದಾದರೆ ಹಳೆಯ ಸಾಲನ್ನು ಅಳಿಸಬೇಡಿ. ಕರ್ನಲ್ ಆವೃತ್ತಿ ಪರೀಕ್ಷಿಸುವ ಷರತ್ತು ಹಾಕಿ ಎರಡನ್ನೂ ಇಡಿ. ಇಲ್ಲದಿದ್ದರೆ ಹಳೆಯ ಕರ್ನಲ್‌ಗೆ ಅದೇ ಡ್ರೈವರ್ ಬಿಲ್ಡ್ ಆಗುವುದಿಲ್ಲ. ಬೇರೆ ಕರ್ನಲ್‌ಗೆ ಬಿಲ್ಡ್ ಆದ ಮಾಡ್ಯೂಲನ್ನು (ಡ್ರೈವರ್ ಫೈಲನ್ನು) ‘ಫೋರ್ಸ್’ ಕೊಟ್ಟು ತುರುಕುವುದು ಅಪಾಯ, ಸಿಸ್ಟಮ್ಮೇ ಕುಸಿಯಬಹುದು. ವರ್ಷಗಟ್ಟಲೆ ಯಾರೂ ಮುಟ್ಟದ ಜಿಪ್ ಫೈಲ್ ಡ್ರೈವರ್‌ನ ಸಹವಾಸ ನನಗಂತೂ ಬೇಡ. ಕರ್ನಲ್‌ನಲ್ಲೇ ಡ್ರೈವರ್ ಇರುವ ಅಡಾಪ್ಟರ್ ಕೊಳ್ಳುವುದೇ ಮೇಲು.

5. ಬಿಲ್ಡ್ ಆದರೂ ಲೋಡ್ ಮಾಡುವಾಗ ‘ಕೀ ವಾಸ್ ರಿಜೆಕ್ಟೆಡ್’ ಎಂದು ಬಂದರೆ ಅದು ನಂಬಿಕಸ್ತ ಸಹಿ ಇಲ್ಲದ್ದನ್ನು ಒಳಬಿಡದ ಸೆಕ್ಯೂರ್ ಬೂಟ್ ತಡೆ. ‘ಮೋಕ್‌ಯುಟಿಲ್’ ಎಂಬ ಕಮಾಂಡ್‌ನಿಂದ, ಡ್ರೈವರಿಗೆ ಸಹಿ ಹಾಕಿದ ನಿಮ್ಮ ಕೀಯನ್ನು ನೋಂದಾಯಿಸಿ, ಒಂದು ಪಾಸ್‌ವರ್ಡ್ ಕೊಡಿ. ರೀಬೂಟ್ ಆಗುವಾಗ ನೀಲಿ ಪರದೆಯೊಂದು ಕೆಲವೇ ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಕೀಬೋರ್ಡ್‌ನ ಒಂದು ಕೀಲಿ ಒತ್ತಿ, ‘ಎನ್‌ರೋಲ್’ ಆರಿಸಿ, ಅದೇ ಪಾಸ್‌ವರ್ಡ್ ಟೈಪ್ ಮಾಡಿ.