ಅಳಿಲಿನ ಎಚ್ಚರಿಕೆ, ಕೋಕಿಯ ಕರೆ: ನನ್ನ ಧ್ವನಿಮುದ್ರಣದ ಅನುಭವ

ಕ್ಯಾಲಿಫೋರ್ನಿಯಾದ ಟಯೋಗಾ ಪಾಸ್ ಹುಲ್ಲುಗಾವಲಿನ ಬೆಲ್ಡಿಂಗ್ ನೆಲ ಅಳಿಲು, ಪೋರ್ಟೊ ರಿಕೊದ ಎಲ್ ಯುಂಕೆ ಮಳೆಕಾಡಿನ ಕೋಕಿ ಕಪ್ಪೆ: ಈ ಎರಡರ ದನಿಯನ್ನು ಮುದ್ರಿಸಿಕೊಂಡು ಅಕ್ಕಪಕ್ಕ ಇಟ್ಟು ನೋಡುವುದು ನನ್ನ ರಜೆಯ ಹುಚ್ಚು. ಎತ್ತಣಿಂದೆತ್ತ ಸಂಬಂಧ ಎಂದು ಮನೆಯವರು ನಗುತ್ತಾರೆ. ದನಿಯೇನೋ ಯಂತ್ರಕ್ಕೆ ಸಿಗುತ್ತದೆ; ಯಾರು ಯಾರಿಗಾಗಿ ಕೂಗಿದರು ಎಂಬುದನ್ನು ಬರೆದಿಡದಿದ್ದರೆ ಹೋಲಿಕೆಯೇ ವ್ಯರ್ಥ ಎಂಬುದು ನನ್ನ ಹಠ.

ಟಯೋಗಾ 3,000 ಮೀಟರ್‌ಗಿಂತ ಎತ್ತರದಲ್ಲಿದೆ. ಅಳಿಲುಗಳು ವರ್ಷದ ಏಳೆಂಟು ತಿಂಗಳು ಬಿಲದೊಳಗೆ ನಿದ್ರಿಸುವುದರಿಂದ ಬೇಸಿಗೆಯಲ್ಲೇ ಹೋಗಬೇಕು. ಅಲ್ಲಿ ಕಾಟ ಕೊಡುವುದು ಗಾಳಿ. ಮೈಕಿಗೆ ತುಪ್ಪಳದ ಹೊದಿಕೆ ತೊಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ 1 ಕಿಲೋಹರ್ಟ್ಸ್‌ಗಿಂತ (ಸೆಕೆಂಡಿಗೆ ಸಾವಿರ ಕಂಪನಕ್ಕಿಂತ) ಕೆಳಗಿನ ದನಿಯನ್ನೆಲ್ಲ ಸೋಸಿ ತೆಗೆಯುತ್ತೇನೆ. ಸಿಳ್ಳೆ ಅದಕ್ಕಿಂತ ಬಹಳ ಮೇಲಿರುವುದರಿಂದ ನಷ್ಟವಿಲ್ಲ. ಕೋಕಿಗೆ ಈ ಸೋಸುವಿಕೆ ನಡೆಯದು. ಅದರ ಕರೆಯ ಮೊದಲ ಸ್ವರ ‘ಕೋ’ ತಪ್ಪಲಿನಲ್ಲಿ ಸುಮಾರು 1.5 ಕಿಲೋಹರ್ಟ್ಸ್ ಇದ್ದರೆ, ಬೆಟ್ಟ ಏರಿದಂತೆ ಕಪ್ಪೆಗಳು ದೊಡ್ಡವಾಗಿ ಸ್ವರ 1 ಕಿಲೋಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ 300 ಹರ್ಟ್ಸ್‌ಗೇ ನಿಲ್ಲಿಸುತ್ತೇನೆ. ಮುದ್ರಣದ ಮಟ್ಟವನ್ನೂ ತಗ್ಗಿಸಬೇಕು. ಹೆಬ್ಬೆರಳಿನಷ್ಟಿರುವ ಆ ಜೀವ ಅರ್ಧ ಮೀಟರ್ ದೂರದಲ್ಲಿ 90 ಡೆಸಿಬೆಲ್ ದಾಟುತ್ತದೆ!

ಮಳೆ ನಿಂತ ರಾತ್ರಿ ಎಲೆಯ ಮೇಲೆ ಕುಳಿತ ಕೋಕಿಯನ್ನು ಮಂದ ಕೆಂಪು ಬೆಳಕಿನಲ್ಲಿ ನೋಡಿದರೆ, ಗಂಟಲ ಚೀಲ ಉಬ್ಬಿದಾಗಲೆಲ್ಲ ಇಡೀ ಮೈ ಅದುರುತ್ತದೆ. ಪಕ್ಕದವನು ಜೋರಾಗಿ ಕೂಗುವಾಗ ಇವನು ತಡೆದು, ಬಿಡುವು ಸಿಕ್ಕಾಗ ತನ್ನದನ್ನು ಸೇರಿಸುತ್ತಾನೆ. ‘ಇವನು’ ಎಂದೇ ಬರೆಯಬಹುದು, ಹೀಗೆ ಕೂಗುವುದು ಗಂಡು. ‘ಕೋ’ ಇತರ ಗಂಡುಗಳಿಗೆ, ‘ಕೀ’ ಹೆಣ್ಣಿಗೆ ಎಂಬುದನ್ನು ವಿಜ್ಞಾನಿಗಳಾದ ಪೀಟರ್ ನಾರಿನ್ಸ್ ಮತ್ತು ರಾಬರ್ಟ್ ಕಾಪ್ರಾನಿಕಾ 1976ರಲ್ಲಿ ತೋರಿಸಿದರು. ನನ್ನ ಪಟ್ಟಿಯಲ್ಲಿ ಅವೆರಡಕ್ಕೂ ಬೇರೆ ಬೇರೆ ಅಂಕಣಗಳಿವೆ.

ಅಳಿಲಿನ ಲೆಕ್ಕ ಇಷ್ಟು ಸಲೀಸಲ್ಲ. ಗಿಡುಗ ಎರಗಿದಾಗ ಒಂಟಿ ಸಿಳ್ಳೆ. ನೆಲದ ಮೇಲೆ ಕೊಯೋಟಿ (ತೋಳದ ಜಾತಿಯ ಬೇಟೆಪ್ರಾಣಿ) ಬಂದರೆ ಸರಸರನೆ ಉರುಳುವ ಸ್ವರಮಾಲೆ. ಎರಡನೆಯದನ್ನು ಹೊರಡಿಸುವವರಲ್ಲಿ ಹೆಚ್ಚಿನವರು ಮಕ್ಕಳು, ಸೋದರಿಯರು ಅಕ್ಕಪಕ್ಕದಲ್ಲೇ ಇರುವ ಹೆಣ್ಣುಗಳು. ಹಾಗೆ ಕೂಗಿದವಳ ಬೆನ್ನಿಗೇ ಬೇಟೆಗಾರ ಬೀಳುವ ಅಪಾಯವೂ ಹೆಚ್ಚು ಎಂದು ವಿಜ್ಞಾನಿ ಪಾಲ್ ಶರ್ಮನ್ 1977ರಲ್ಲಿ ಪ್ರಕಟಿಸಿದರು. ಅವರು ಅಳಿಲುಗಳಿಗೆ ಗುರುತು ಹಾಕಿದ್ದರು. ನನಗೆ ಆ ಅನುಕೂಲವಿಲ್ಲ. ಮರಿಗಳಿರುವ ಬಿಲದ ಬಾಯಲ್ಲಿ ನಿಂತು ಕೂಗಿದರಷ್ಟೇ ‘ತಾಯಿ ಇರಬೇಕು’ ಎಂದು ಬರೆದುಕೊಳ್ಳುತ್ತೇನೆ, ಉಳಿದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಯಾರಿಗಾಗಿ ಕೂಗು ಎಂಬ ಸುಳಿವು ಸ್ವರಮಾಲೆಯಲ್ಲಿ ಇರುವುದರಿಂದ ಕೋಕಿಯ ಎದುರು ನಾನು ಇಡುವುದು ಅದನ್ನು ಮಾತ್ರ. ಒಂಟಿ ಸಿಳ್ಳೆ ಬೇರೆ ಕಡತಕ್ಕೆ ಹೋಗುತ್ತದೆ.