ಹಿತ್ತಿಲ ಕೋಳಿಗೊಂದು ಸಣ್ಣ ಕಾಡು

ಮೊದಲ ವರ್ಷ ಕೋಳಿಗೆ ಅಂತ ನಾನು ಕಟ್ಟಿಸಿದ ಬೇಲಿಯೊಳಗೆ ಜುಲೈ ಹೊತ್ತಿಗೆ ಭತ್ತದ ನಾಟಿ ಮಾಡಬಹುದಿತ್ತು. ಅಷ್ಟು ಕೆಸರು.

ನಮ್ಮ ಮನೆ ಅಂಕೋಲೆ ಹತ್ತಿರ. ಮನೆಯಿಂದ ಸಮುದ್ರ ಕಾಣುವುದಿಲ್ಲ, ರಾತ್ರಿ ಸದ್ದು ಮಾತ್ರ ಕೇಳುತ್ತದೆ. ಹಿಂದೆ ಒಂದು ಹಳೇ ಈಶಾಡು ಮಾವಿನ ಮರ, ನಾಲ್ಕು ತೆಂಗು, ಉಳಿದದ್ದು ಕೆಂಪು ಮಣ್ಣು. ಮೊದಲೆಲ್ಲ ಕೋಳಿಗಳು ಊರು ತಿರುಗುತ್ತಿದ್ದವು. ಪಕ್ಕದ ಮನೆಯ ಹರಿವೆ ಮಡಿ ಕೆದರಿ ಬರುತ್ತಿದ್ದವು, ಮಾತು ಕೇಳುವವಳು ನಾನು. ಬೀದಿ ನಾಯಿಗಳ ಕಾಟ ಬೇರೆ. ನಾನು ಶಾಲೆಯಲ್ಲಿ ಅಕ್ಕೋರು. ಒಂದು ಮೇ ರಜೆಯಲ್ಲಿ 24 ಅಡಿ ಅಗಲ, 30 ಅಡಿ ಉದ್ದದ ಜಾಗಕ್ಕೆ ತಂತಿ ಬಲೆ ಹಾಕಿಸಿದೆ. ಒಳಗೆ ಹುಲ್ಲಿನ ಬೀಜ ಚೆಲ್ಲಿ, ಮೊಳಕೆ ಬಂದ ಕೂಡಲೇ 12 ಕೋಳಿ ಬಿಟ್ಟೆ. 9 ಊರಕೋಳಿ, 3 ಗಿರಿರಾಜ ತಳಿಯವು.

ಲೆಕ್ಕದ ಪ್ರಕಾರ ಒಂದು ಕೋಳಿಗೆ 60 ಚದರ ಅಡಿ. ಧಾರಾಳ ಅಂದುಕೊಂಡಿದ್ದೆ. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದೂ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಎಳೇ ಹುಲ್ಲನ್ನು ಕೋಳಿಗಳು ಹದಿನೈದು ದಿನದಲ್ಲಿ ಬೇರು ಸಮೇತ ಮುಗಿಸಿದವು. ಬೋಳು ನೆಲಕ್ಕೆ ಮಳೆ ಬಿತ್ತು. ಹಿಕ್ಕೆ, ನೀರು, ಮಣ್ಣು ಕಲಸಿ ವಾಸನೆ ಅಡಿಗೆಮನೆ ತನಕ ಬಂತು. ಎಳೇ ಕೋಳಿಗಳ ಹಿಕ್ಕೆಯಲ್ಲಿ ರಕ್ತ ಕಂಡಿತು. ರಕ್ತಭೇದಿ ಅಂದರು ಪಶು ವೈದ್ಯರು. ಒದ್ದೆ ನೆಲದಲ್ಲಿ ಈ ರೋಗ ಬೇಗ ಹರಡುತ್ತದಂತೆ. ನೀರಿಗೆ ಹಾಕುವ ಔಷಧಿ ಕೊಟ್ಟರು. ಆದರೂ ಮೂರು ಸತ್ತವು.

ಆ ಮಳೆಗಾಲದಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಮಳೆ ಬಿಟ್ಟು ಬಿಸಿಲು ಬಂದರೂ ಕೋಳಿಗಳು ನಡುವಿನ ಬಯಲಿಗೆ ಬರುತ್ತಲೇ ಇರಲಿಲ್ಲ. ಹೊರಗಿನ ದಾಸವಾಳದ ಕೊಂಬೆಗಳು ಬೇಲಿ ದಾಟಿ ಬಾಗಿದ್ದ ಒಂದೇ ಮೂಲೆಯಲ್ಲಿ ಅಷ್ಟೂ ಕೋಳಿ ಒತ್ತಿಕೊಂಡು ನಿಲ್ಲುತ್ತಿದ್ದವು. ಮೇಲೆ ಗರುಡ ಸುತ್ತುವುದು ಅವಕ್ಕೆ ನನಗಿಂತ ಮೊದಲು ಗೊತ್ತಾಗುತ್ತಿತ್ತು. ಸೊಪ್ಪು ಮಾರಲು ಬರುವ ಹಾಲಕ್ಕಿ ಅಜ್ಜಿ ಬುಟ್ಟಿ ಇಳಿಸಿ ನೋಡಿದಳು. "ಕೋಳಿಗೆ ಮೈದಾನ ಎಂತಕೆ ಅಕ್ಕೋರೆ? ಅವೇನು ಕಬಡ್ಡಿ ಆಡ್ತವಾ?" ಅಂದಳು.

ನಗು ಬಂದರೂ ಮಾತು ಸರಿಯಾಗಿತ್ತು. ಘಟ್ಟದ ಬುಡದಲ್ಲಿ ಕಾಡುಕೋಳಿ ಕೂಗುವುದು ಎಷ್ಟು ಸಲ ಕೇಳಿದ್ದೇನೆ, ನೋಡಿದ್ದು ಮಾತ್ರ ಕೆಲವೇ ಸಲ. ಅವು ಪೊದೆ ಬಿಟ್ಟು ಹೊರಬರುವುದೇ ಕಡಿಮೆ. ನಮ್ಮ ಕೋಳಿಗಳೂ ಅದೇ ಕುಲ ಅಲ್ವಾ? ನಾನು ತಿನ್ನಲಿ ಅಂತ ಹುಲ್ಲು ಬಿತ್ತಿದ್ದೆ. ಅವಕ್ಕೆ ಬೇಕಾಗಿದ್ದು ಅಡಗಲು ಜಾಗ.

ಎರಡನೇ ಸಲ ಜಾಗವನ್ನು ನಡುವೆ ಅಡಿಕೆ ದಬ್ಬೆಯ ಬೇಲಿ ಹಾಕಿ ಎರಡು ಪಾಲು ಮಾಡಿದೆ. ಕೋಳಿಗಳೆಲ್ಲ ಮಾವಿನ ಮರದ ಪಾಲಿಗೆ. ಇನ್ನೊಂದು ಪಾಲಿಗೆ ಜೂನ್ ಮೊದಲ ಮಳೆಗೆ ಗಿಡ ನೆಟ್ಟು, ದೀಪಾವಳಿ ಕಳೆಯುವ ತನಕ ಬಾಗಿಲು ಕಟ್ಟಿಟ್ಟೆ. ಆ ಐದು ತಿಂಗಳು ಕಾಯುವುದೇ ಇದರಲ್ಲಿ ಅತಿ ಕಷ್ಟದ ಕೆಲಸ. ಮನೆಯಲ್ಲಿ ದಿನಾ ಒಬ್ಬರಲ್ಲ ಒಬ್ಬರು, "ಅಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ" ಅನ್ನುತ್ತಿದ್ದರು.

ಗಿಡಗಳ ವಿಷಯ. ಬೇಲಿ ಗುಂಟ ದಾಸವಾಳದ ಗೆಲ್ಲು ಚುಚ್ಚಿದೆ, ಮೂರು ಅಡಿಗೆ ಒಂದರಂತೆ. ಮಳೆಯಲ್ಲಿ ಕೇಳುವುದೇ ಬೇಡ, ಎಲ್ಲ ಚಿಗುರಿದವು. ಎಲೆ, ಹೂವು ಎರಡನ್ನೂ ಕೋಳಿ ತಿನ್ನುತ್ತದೆ, ಆದರೂ ಗಿಡ ಸಾಯುವುದಿಲ್ಲ. ನುಗ್ಗೆ ಗೂಟ ಎರಡು ಹುಗಿದಿದ್ದೆ, ತಗ್ಗಿನಲ್ಲಿದ್ದದ್ದು ಕೊಳೆಯಿತು, ದಿಬ್ಬದ್ದು ಬದುಕಿತು. ಅದನ್ನು ಎದೆ ಎತ್ತರಕ್ಕೆ ಕಡಿಯುತ್ತಾ ಸೊಪ್ಪನ್ನು ಒಳಗೆ ಎಸೆಯುತ್ತೇನೆ. ಬಚ್ಚಲ ನೀರು ಹೋಗುವಲ್ಲಿ ಎರಡು ಬಾಳೆ, ಒಂದು ಪಪ್ಪಾಯಿ. ಪಪ್ಪಾಯಿ ಆಗಸ್ಟ್ ಗಾಳಿಗೆ ಮುರಿಯಿತು. ನಡುವೆ ಪೇರಲೆ, ಕರಿಬೇವು, ಎರಡು ಮುರುಗಲು (ಕೋಕಂ) ಸಸಿ. ಬಸಳೆಯನ್ನು ಮಾತ್ರ ಬೇಲಿಯ ಹೊರಗೆ ನೆಟ್ಟು ಬಲೆಯ ಮೇಲೆ ಹಬ್ಬಿಸಿದೆ. ಒಳಗೆ ಬಂದದ್ದು ಅವಕ್ಕೆ, ಹೊರಗಿನದು ನಮ್ಮ ಸಾರಿಗೆ. ಬಸಳೆ ಹಣ್ಣಾದಾಗ ಹೇಂಟೆಗಳ ಕೊಕ್ಕೆಲ್ಲ ನೇರಳೆ ಬಣ್ಣ. ಮೊದಲ ಸಲ ನೋಡಿ ಏನೋ ರೋಗ ಅಂತ ಹೆದರಿದ್ದೆ.

ನಿಂಬೆಹುಲ್ಲನ್ನು ಅವು ಮೂಸಿಯೂ ನೋಡುವುದಿಲ್ಲ. ಅದಕ್ಕೇ ನಾಲ್ಕು ಕಡೆ ನೆಟ್ಟೆ, ದೊಡ್ಡ ಬುಡವಾಗಿ ಒಳ್ಳೇ ಮರೆ ಆಯಿತು. ಒಂದು ಹೇಂಟೆ ಗೂಡು ಬಿಟ್ಟು ಅದರ ನಡುವೆಯೇ ಮೊಟ್ಟೆ ಇಡಲು ಶುರು ಮಾಡಿತು. ನನಗೆ ಗೊತ್ತಾಗುವಾಗ 11 ಮೊಟ್ಟೆ.

ಬುಡ ಕೆದರುವುದು ಎಲ್ಲಕ್ಕಿಂತ ದೊಡ್ಡ ತಲೆನೋವು. ಕೋಳಿ ಗಿಡವನ್ನು ತಿಂದು ಕೊಲ್ಲುವುದಕ್ಕಿಂತ ಬೇರು ಬಿಡಿಸಿ ಕೊಲ್ಲುವುದೇ ಹೆಚ್ಚು. ಪ್ರತಿ ಸಸಿಯ ಸುತ್ತ ಒಡೆದ ಚಿರೆಕಲ್ಲಿನ ತುಂಡುಗಳನ್ನು ಒತ್ತಾಗಿ ಇಟ್ಟೆ. ಹುಲ್ಲಿನ ಆಸೆ ಪೂರ್ತಿ ಬಿಟ್ಟಿರಲಿಲ್ಲ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆ ಚೌಕಟ್ಟು, ಆರು ಇಂಚು ಎತ್ತರ, ಮೇಲೆ ಜಾಲರಿ. ಒಳಗೆ ರಾಗಿ, ಹರಿವೆ ಬೀಜ. ಜಾಲರಿ ದಾಟಿ ಬಂದ ತುದಿ ಮಾತ್ರ ಅವಕ್ಕೆ ಸಿಗುತ್ತದೆ, ಬುಡ ಉಳಿಯುತ್ತದೆ. ಬೇಲಿ ಗುಂಟ ಮೊದಲೇ ಇದ್ದ ಕಣಗಿಲೆ, ಔಡಲ ಎರಡನ್ನೂ ಕಿತ್ತು ಹಾಕಿದೆ, ಎರಡೂ ವಿಷ. ಅದೇ ಕಾರಣಕ್ಕೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟಗಳನ್ನೂ ತೆಗೆಸಿದೆ.

ಬೇಲಿಯಲ್ಲಿ ಎರಡು ತಪ್ಪು ಮಾಡಿದ್ದೆ. ತೆಳು ತಂತಿಯ ಕೋಳಿ ಬಲೆ ಉಪ್ಪು ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಹಪ್ಪಳದ ಹಾಗೆ ಮುರಿಯುತ್ತಿತ್ತು. ಈಗ ಬುಡದಿಂದ ಎರಡು ಅಡಿ ಎತ್ತರದ ತನಕ ಅರ್ಧ ಇಂಚು ಕಣ್ಣಿನ ದಪ್ಪ ಜಾಲರಿ, ಅದರ ಮೇಲೆ ಬೇಲೇಕೇರಿಯಿಂದ ತಂದ ಹಳೇ ಮೀನುಬಲೆ. ಬಲೆ ಆರಿಸುವಾಗ ದಪ್ಪ ಹುರಿಯದ್ದೇ ನೋಡಿ. ಮೊದಲು ತಂದ ಸಣ್ಣ ಎಳೆಯ ಬಲೆಯಲ್ಲಿ ಒಂದು ಕೇರೆ ಹಾವು ಸಿಕ್ಕಿ ಒದ್ದಾಡಿತ್ತು. ಕತ್ತರಿ ಹಿಡಿದು ಅದನ್ನು ಬಿಡಿಸಿದ ಅರ್ಧ ಗಂಟೆ ನೆನೆದರೆ ಈಗಲೂ ಕೈ ನಡುಗುತ್ತದೆ. ಇನ್ನೊಂದು ತಪ್ಪು, ಬುಡವನ್ನು ಹಾಗೇ ಬಿಟ್ಟದ್ದು. ಹೆಗ್ಗಣ ಬಿಲ ತೋಡಿತು, ಅದೇ ದಾರಿಯಲ್ಲಿ ಮುಂಗುಸಿ ಬಂತು. ಈಗ ಸುತ್ತಲೂ ಒಂದು ಸಾಲು ಚಿರೆಕಲ್ಲು ಅರ್ಧ ಹುಗಿದಿದೆ, ಜಾಲರಿಯ ಒಂದೂವರೆ ಅಡಿಯಷ್ಟು ಭಾಗ ಹೊರಗಡೆ ನೆಲದ ಮೇಲೆ ಮಲಗಿದೆ. ಅದರ ಮೇಲೆ ಮಣ್ಣು. ತೋಡಲು ಬಂದದ್ದಕ್ಕೆ ಮೊದಲು ತಂತಿಯೇ ಸಿಗುತ್ತದೆ. ಮೇಲೆ ಚಪ್ಪರದ ಹಾಗೆ ಹೊದಿಸುವ ಬಲೆಯನ್ನು ಮಾವಿನ ಮರದಡಿ ಹಾಕಬೇಡಿ. ಒದ್ದೆ ಎಲೆಯ ಭಾರಕ್ಕೆ ಒಂದು ರಾತ್ರಿ ಕಂಬ ಸಮೇತ ಮಲಗಿತು.

ಕೆಸರಿಗೆ ಮೇಲ್ಗಡೆ ಒಂದು ಕಾಲುವೆ ತೋಡಿ ಮನೆ ಮಾಡಿನ ನೀರು ಆಚೆ ತಿರುಗಿಸಿದೆ. ನೆಲಕ್ಕೆ ಒಣ ಎಲೆ, ಹಳೇ ತೆಂಗಿನ ಸಿಪ್ಪೆ. ವಾರಕ್ಕೆ ಎರಡು ಬುಟ್ಟಿ ಸುರಿದರೆ ಕೋಳಿಗಳೇ ಹರಡುತ್ತವೆ. ಮಳೆಗಾಲ ಮುಗಿದ ಮೇಲೆ ಅದನ್ನೆಲ್ಲ ಬಾಚಿ ಗುಂಡಿಯಲ್ಲಿ ಕೊಳೆಸಿ ತೆಂಗಿಗೆ ಹಾಕುತ್ತೇನೆ. ಹಸಿ ಹಿಕ್ಕೆ ನೇರ ಹಾಕಿದರೆ ಗಿಡ ಸುಡುತ್ತದೆ. ಒಂದು ಮೂಲೆಯಲ್ಲಿ ತಗಡಿನ ಕೆಳಗೆ ಹಳೇ ಟಯರು, ಅದರಲ್ಲಿ ಮರಳು, ಬಚ್ಚಲ ಒಲೆಯ ಬೂದಿ. ಹೇನು ಕಳೆಯಲು ಅದರಲ್ಲೇ ಹೊರಳುತ್ತವೆ. ಬೂದಿ ಒದ್ದೆ ಆಗಬಾರದು, ಚರ್ಮ ಸುಡುತ್ತದೆ. ಬೆಳಚು (ಚಿಪ್ಪಿಮೀನು) ತಂದ ದಿನ ಚಿಪ್ಪು ತೊಳೆದು, ಒಣಗಿಸಿ, ಕುಟ್ಟಿ ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಮೊಟ್ಟೆ ಸಿಪ್ಪೆ ತೆಳುವಾಗುವ ದೂರು ಹೋಯಿತು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಗೆ ಇದ್ಯಾವುದೂ ಬದಲಿ ಅಲ್ಲ, ಅದನ್ನು ಹಾಕಿಸಲೇಬೇಕು.

ದೀಪಾವಳಿ ಕಳೆದು ಬಾಗಿಲು ತೆಗೆದ ದಿನ ಒಂದೂ ಒಳಗೆ ಹೋಗಲಿಲ್ಲ. ಅರ್ಧ ದಿನ ಹೊಸ್ತಿಲಲ್ಲೇ ಕತ್ತು ಉದ್ದ ಮಾಡಿ ನಿಂತವು. ಸಂಜೆ, ಅಮ್ಮ ಊರ ದೇವರು ಜಟಗನಿಗೆ ಹರಕೆ ಹೇಳಿಟ್ಟ ಹುಂಜ ಮೊದಲು ನುಗ್ಗಿತು. ಹಿಂದೆಯೇ ಎಲ್ಲ. ಐದು ನಿಮಿಷದಲ್ಲಿ ಒಂದು ಕೋಳಿಯೂ ಕಾಣುತ್ತಿರಲಿಲ್ಲ, ದಾಸವಾಳದ ಬುಡದಿಂದ ಕೆದರುವ ಸದ್ದು ಮಾತ್ರ ಬರುತ್ತಿತ್ತು.

ಈಗ ಆರು ತಿಂಗಳಿಗೊಮ್ಮೆ ಪಾಲು ಬದಲಿಸುತ್ತೇನೆ. ಗಾಳಿಮರದ ಕಂಬಗಳು ಬುಡದಲ್ಲಿ ಮೆತ್ತಗಾಗಿವೆ, ಈ ಮೇ ಒಳಗೆ ಕಲ್ಲು ಕಂಬ ಹಾಕಿಸಬೇಕು. ಮುರುಗಲು ಮೊಣಕಾಲೆತ್ತರ ದಾಟಿಲ್ಲ. ಅದರ ಸುತ್ತಲಿನ ಕಲ್ಲು ಇನ್ನೂ ತೆಗೆದಿಲ್ಲ.