ಪಾರ್ಕಿನ್ಸನ್‌ಗೆ ನಸುಗುನ್ನಿ ಪುಡಿ: ಕೊಡುವ ಮೊದಲು ಏನೇನು ಮಾಡಬೇಕು

ನಮ್ಮಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗುವ, ಬಿಗಿಯುವ ಕಾಯಿಲೆ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಸೊಪ್ಪು, ಬೇರು ಹೇಳಿ ಹೋದರು. ಒಂದೆಲಗ, ಅಶ್ವಗಂಧ, ಅರಿಶಿನ. ಇವುಗಳ ಮೇಲೆ ನಡೆದ ಪರೀಕ್ಷೆ ಹೆಚ್ಚಾಗಿ ಇಲಿಗಳಲ್ಲಿ. ಒಂದೆಲಗದ ತಂಬುಳಿ ಮಾಡಿ ಬಡಿಸಿ, ಆದರೆ ಅದರಿಂದ ನಡುಕ ನಿಲ್ಲುತ್ತದೆ ಅಂತ ಕಾಯಬೇಡಿ.

ನಸುಗುನ್ನಿಯ ಕತೆ ಬೇರೆ. ಮೈಗೆ ಸೋಕಿದರೆ ತುರಿಸುವ ಆ ಕಾಯಿಯ ಬೀಜದಲ್ಲಿ ಲೆವೊಡೋಪಾ ಅನ್ನುವ ಔಷಧಿ ಇದೆ. ಡಾಕ್ಟರು ಬರೆಯುವ ಮುಖ್ಯ ಮಾತ್ರೆಯಲ್ಲಿರುವುದೂ ಅದೇ. 2004ರಲ್ಲಿ ಪ್ರಕಟವಾದ ಲಂಡನ್ನಿನ ಪರೀಕ್ಷೆಯೊಂದರಲ್ಲಿ ಈ ಪುಡಿ ಮಾತ್ರೆಗಿಂತ ಬೇಗ ಕೆಲಸ ಶುರುಮಾಡಿತ್ತು. ಆದರೆ ಅಲ್ಲಿದ್ದ ರೋಗಿಗಳು ಎಂಟೇ ಜನ. ಎರಡರಲ್ಲೂ ಇರುವುದು ಲೆವೊಡೋಪಾನೇ ಅಂದಮೇಲೆ ಮಾತ್ರೆಯ ಜೊತೆ ಪುಡಿ ಕೊಟ್ಟರೆ ಅದೇ ಔಷಧಿ ಎರಡು ಸಲ ಕೊಟ್ಟ ಹಾಗೆ, ಅಲ್ವಾ?

ಅದಕ್ಕೇ ಮೊದಲು ಒಂದು ನೋಟ್‌ಬುಕ್ ಇಡಿ. ಮಾತ್ರೆ ನುಂಗಿದ ಹೊತ್ತು, ಕೈ ಸಡಿಲವಾದ ಹೊತ್ತು, ಮತ್ತೆ ಬಿಗಿದ ಹೊತ್ತು, ತಿಂದದ್ದು ಏನು ಅಂತ ಬರೆಯಿರಿ. ಅಪ್ಪ ಅಂಗಿ ಗುಂಡಿ ತಾವೇ ಹಾಕಿಕೊಂಡರೆ ಅದನ್ನೂ ಬರೆಯುತ್ತಿದ್ದೆ. ಹೊಸ್ತಿಲ ಬಳಿ ಕಾಲು ಕಿತ್ತಿಡಲಾಗದೆ ನಿಂತರೆ ಅದನ್ನೂ. ಕೂತಾಗ ಮತ್ತು ಎದ್ದು ನಿಂತಾಗ ಬಿಪಿ ನೋಡಿ. ತಿಂದದ್ದನ್ನು ಬರೆಯುವುದು ಯಾಕೆಂದರೆ, ಪ್ರೋಟೀನ್ ಜಾಸ್ತಿ ಇರುವ ಊಟ ಲೆವೊಡೋಪಾ ಮೈಗೆ ಸೇರುವುದಕ್ಕೆ ಅಡ್ಡ ಬರುತ್ತದೆ. ನಮ್ಮ ನೋಟ್‌ಬುಕ್ ನೋಡಿದ ಡಾಕ್ಟರು ಪುಡಿ ಸದ್ಯ ಬೇಡ ಅಂದರು. ಬೆಳಗಿನ ಮಾತ್ರೆಯನ್ನು ತಿಂಡಿಗೆ ಮುಕ್ಕಾಲು ಗಂಟೆ ಮೊದಲಿಗೆ ತಂದರು. ಅಷ್ಟರಿಂದಲೇ ಬೆಳಗು ಹಗುರವಾಯಿತು.

ನಿಮಗೆ ಪುಡಿ ಬೇಕೇ ಅನಿಸಿದರೆ ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ. ಆಯುರ್ವೇದದವರಿಗೂ ಮಾತ್ರೆಗಳ ಪಟ್ಟಿ ಕೊಡಿ. ಬಿಪಿ, ಖಿನ್ನತೆಯ ಮಾತ್ರೆಗಳನ್ನು ಬಿಡದೆ ಹೇಳಿ. ಲೆವೊಡೋಪಾ ಎಷ್ಟಿದೆ ಅಂತ ಬರೆಯದ ಪೊಟ್ಟಣ ನಾನಂತೂ ಕೊಳ್ಳುವುದಿಲ್ಲ. ಬೀಜದಿಂದ ಬೀಜಕ್ಕೆ ಅದು ಬದಲಾಗುತ್ತದೆ. ಹಿತ್ತಲ ಕಾಯಿ ತಂದು ಮಿಕ್ಸಿಗೆ ಹಾಕುವ ಸಾಹಸ ಬೇಡವೇ ಬೇಡ. ಸಾಮಾನ್ಯವಾಗಿ ಮಾತ್ರೆಯಲ್ಲಿ ಕಾರ್ಬಿಡೋಪಾ ಕೂಡ ಇರುತ್ತದೆ, ಅದು ವಾಕರಿಕೆ ತಗ್ಗಿಸುತ್ತದೆ. ಬರೀ ಪುಡಿಯಲ್ಲಿ ಅದಿಲ್ಲ.

ಕೊಡಲು ಶುರುಮಾಡಿದ ಮೇಲೆ ಕೈಕಾಲು ತಾನಾಗಿ ತಿರುಚಿದರೆ, ಇಲ್ಲದವರು ಕಂಡರೆ, ಎದ್ದಾಗ ತಲೆ ತಿರುಗಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಪುಡಿ ಇದೆಯಲ್ಲ ಅಂತ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು ಸೆಟೆದು, ಜೋರು ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು.